ಮಂಗನ ಕಾಯಿಲೆಯ ಕಾಲ ಶುರುವಾಗುವ ಮುಂಚೆ: ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಇವರಿಗೆ,
ರಾಜ್ಯ ಆರೋಗ್ಯ ಇಲಾಖೆಯ ಹಿರಿಯ ಅಧಿಕಾರಿಗಳು ಹಾಗೂ ಮಲೆನಾಡು, ಕರಾವಳಿ ಜಿಲ್ಲೆಗಳ ಜಿಲ್ಲಾಡಳಿತಗಳು

ಮಾನ್ಯರೇ,

ಮಳೆ ಹಿಂದೆ ಸರಿದು ಕಾಡಿನ ದರಗು (ಉದುರಿದ ಎಲೆ) ಒಣಗುವ ಹೊತ್ತಿಗೆ ಉಣುಗಿನ (ರಕ್ತ ಹೀರುವ ಉಣ್ಣೆ ಹುಳುವಿನ) ಮರಿಗಳು ನೆಲದಿಂದ ಮೇಲೇಳುತ್ತವೆ. ಡಿಸೆಂಬರ್ ಹೊತ್ತಿಗೆ ಅವು ಒಮ್ಮೆ ರಕ್ತ ಕುಡಿದು, ಪೊರೆ ಕಳಚಿ, ಸಾಸಿವೆ ಕಾಳಿನಷ್ಟಾಗುತ್ತವೆ. ಮನುಷ್ಯರಿಗೆ ಮಂಗನ ಕಾಯಿಲೆ ಎಂಬ ವೈರಾಣು ಜ್ವರ ಅಂಟಿಸುವುದು ಹೆಚ್ಚಾಗಿ ಈ ಹಂತದ ಉಣುಗು. ಅಲ್ಲಿಂದ ಮೇ ತಿಂಗಳವರೆಗೆ ಅದರ ಕಾಲ. ಅಡಿಕೆ ಕೊನೆ ಇಳಿಸುವುದೂ, ದರಗು ಗುಡಿಸುವುದೂ, ಮಳೆಗಾಲಕ್ಕೆ ಸೌದೆ ಕೂಡಿಡುವುದೂ ಇದೇ ತಿಂಗಳುಗಳಲ್ಲಿ. ಆಗ ಆಟೋಕ್ಕೆ ಕಟ್ಟಿದ ಮೈಕು ಊರಿಗೆ ಬರುತ್ತದೆ: ಕಾಡಿಗೆ ಹೋಗಬೇಡಿ, ವದಂತಿಗೆ ಕಿವಿಗೊಡಬೇಡಿ, ಆತಂಕ ಪಡಬೇಡಿ. ಕೇಳಿದವರು ತಲೆಯಾಡಿಸಿ, ಕತ್ತಿ ಹಿಡಿದು ಸೊಪ್ಪಿನಬೆಟ್ಟದ ಕಡೆ ನಡೆಯುತ್ತಾರೆ.

ಜನ ನಮ್ಮ ಮಾತು ನಂಬುವುದಿಲ್ಲ ಎಂಬ ದೂರು ಇಲಾಖೆಯ ಕಡೆಯಿಂದ ಪ್ರತಿ ವರ್ಷ ಕೇಳಿಬರುತ್ತದೆ. ಅದಕ್ಕೆ ಮದ್ದು ಎಂದು ಪ್ರತಿ ವರ್ಷ ಇನ್ನಷ್ಟು ‘ಜಾಗೃತಿ’ ನಡೆಯುತ್ತದೆ. ಈ ಕಾಯಿಲೆಯ ಪರೀಕ್ಷೆ, ಚಿಕಿತ್ಸೆ, ಉಣುಗು ಸಮೀಕ್ಷೆಗಳನ್ನು ಬಲ್ಲವರಾಗಿ ನಾವು ಹೇಳಬೇಕಾದದ್ದು ಬೇರೆ. ಜನರ ಅಪನಂಬಿಕೆಯಲ್ಲಿ ಬಹುಪಾಲು ಅಜ್ಞಾನದಿಂದ ಹುಟ್ಟಿದ್ದಲ್ಲ. ಇಲಾಖೆ ಕೊಡುವ ಅಂಕಿ ಎಲ್ಲಿಂದ ಬಂತು, ಅದರಲ್ಲಿ ಏನು ಸೇರಿದೆ, ಏನು ಬಿಟ್ಟುಹೋಗಿದೆ ಎಂದು ಹೇಳದೆ ಇರುವುದರಿಂದ ಹುಟ್ಟಿದ್ದು. ಅದನ್ನು ಕಾಗದದ ಮೇಲೆಯೇ ಸರಿಪಡಿಸಬಹುದು. ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ.

ಎಲ್ಲಕ್ಕಿಂತ ಹಳೆಯ ಗಾಯ ಲಸಿಕೆಯದು. ಅಲ್ಲಿಂದಲೇ ಹಿಡಿಯೋಣ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಕಾಣಿಸಿಕೊಂಡಾಗ ಮೊದಲು ಹಳದಿ ಜ್ವರವೆಂದು ಶಂಕಿಸಲಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದು ಉಣುಗಿನಿಂದ ಹರಡುವ ಹೊಸ ವೈರಾಣು ಎಂದು ಕಂಡುಹಿಡಿದರು. ಕೋಳಿ ಭ್ರೂಣದ ಕೋಶಗಳಲ್ಲಿ ವೈರಾಣು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಳಕೆಗೆ ಬಂದದ್ದು ಅದಾಗಿ ಮೂರು ದಶಕಗಳ ಮೇಲೆ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳ ಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ ಮತ್ತೊಂದು. 1990ರಿಂದ 92ರವರೆಗಿನ ಕ್ಷೇತ್ರ ಪ್ರಯೋಗದಲ್ಲಿ ಒಂದು ಡೋಸ್‌ಗೆ ಶೇ. 79.3, ಎರಡು ಡೋಸ್‌ಗೆ ಶೇ. 93.5 ರಕ್ಷಣೆ ಕಂಡಿತು. 2005ರಿಂದ 2010ರವರೆಗಿನ ದಾಖಲೆಗಳನ್ನು ಕೂಡಿಸಿ ಮತ್ತೆ ಅಳೆದಾಗ ಎರಡು ಡೋಸ್‌ಗೆ ಶೇ. 62.4ಕ್ಕೆ ಇಳಿದಿತ್ತು, ಬೂಸ್ಟರ್ ಸೇರಿದರೆ ಶೇ. 82.9. ಒಂದೇ ಡೋಸ್ ತೆಗೆದುಕೊಂಡು ಬಿಟ್ಟವರಿಗೆ ನೆಚ್ಚುವಂಥ ರಕ್ಷಣೆ ಇರಲಿಲ್ಲ. ಈ ಅಂಕಿಗಳೇನೂ ಗುಟ್ಟಲ್ಲ, ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿವೆ. ಆದರೆ ಅಚ್ಚಾದದ್ದು ಇಂಗ್ಲಿಷಿನಲ್ಲಿ. ಸೂಜಿ ಚುಚ್ಚಿಸಿಕೊಳ್ಳುವವರ ಭಾಷೆಯಲ್ಲಿ, ಅವರ ಊರಿನ ಗೋಡೆಯ ಮೇಲೆ ಬರಲಿಲ್ಲ.

ಬಂದಿದ್ದರೆ ಏನಾಗುತ್ತಿತ್ತು? ‘ಲಸಿಕೆ ಹಾಕಿಸಿಕೊಂಡವರಿಗೂ ಬಂತಲ್ಲ, ಮತ್ಯಾಕೆ ಹಾಕಿಸಿಕೊಳ್ಳಬೇಕು?’ ಎಂಬ ಪ್ರಶ್ನೆಗೆ ಆಶಾ ಕಾರ್ಯಕರ್ತೆಯ ಕೈಯಲ್ಲಿ ಉತ್ತರ ಇರುತ್ತಿತ್ತು. ಸಾವಿರ ಜನರ ಒಂದು ಊರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 900 ಮಂದಿಗೆ ಎರಡು ಡೋಸ್ ಆಗಿದೆ, 100 ಮಂದಿಗೆ ಏನೂ ಆಗಿಲ್ಲ. ಲಸಿಕೆ ಇಲ್ಲದ ನೂರರಲ್ಲಿ ನಾಲ್ವರಿಗೆ ಕಾಯಿಲೆ ಬಂತೆಂದರೆ, ಶೇ. 62.4ರ ರಕ್ಷಣೆಯಲ್ಲಿ ಆ 900 ಮಂದಿಯಲ್ಲಿ 13–14 ಜನರಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಮಲಗಿದ ಹದಿನೇಳು ಹದಿನೆಂಟು ಮಂದಿಯಲ್ಲಿ ಮುಕ್ಕಾಲು ಪಾಲು ಲಸಿಕೆ ಪಡೆದವರೇ. ಊರಿಗೆ ಕಾಣುವುದು ಅದು. ಲಸಿಕೆ ಇಲ್ಲದಿದ್ದರೆ ಆ 900 ಮಂದಿಯಲ್ಲೇ 36 ಜನ ಮಲಗುತ್ತಿದ್ದರು ಎಂಬುದು ಕಾಣುವುದಿಲ್ಲ, ಏಕೆಂದರೆ ಮಲಗದೆ ಉಳಿದವರನ್ನು ಯಾರೂ ಎಣಿಸುವುದಿಲ್ಲ. ಈ ಲೆಕ್ಕ ಏಳನೇ ತರಗತಿಯ ಹುಡುಗಿಗೆ ಅರ್ಥವಾಗುತ್ತದೆ. ಹೇಳುವವರು ಬೇಕಿತ್ತು, ಅಷ್ಟೆ.

ಹೇಳದೆ ಹೋದದ್ದರ ಫಲ ಎರಡು ದಿಕ್ಕಿನಲ್ಲಿ ಬಂತು. ಕೆಲವರು ‘ಹಾಕಿಸಿಕೊಂಡಾಯ್ತು, ಇನ್ನು ಭಯವಿಲ್ಲ’ ಎಂದು, ಉಣುಗು ಹತ್ತದಂತೆ ಮೈಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟರು. ಇನ್ನು ಕೆಲವರು ಮೊದಲ ಚುಚ್ಚುಮದ್ದಿನ ನೋವಿಗೇ ಬೇಸತ್ತು ಎರಡನೆಯದಕ್ಕೆ ಬರಲಿಲ್ಲ. ತೋಳು ಊದಿಕೊಂಡು ಎರಡು ದಿನ ಕೂಲಿ ತಪ್ಪಿದವರಿಗೆ ‘ಏನೂ ಆಗಲ್ಲ’ ಎಂದು ಮೊದಲೇ ಹೇಳಿದ್ದರೆ, ಆ ಮಾತು ಸುಳ್ಳಾದ ದಿನ ಉಳಿದ ಮಾತುಗಳೂ ಅದರ ಜೊತೆ ಬಿದ್ದುಹೋಗುತ್ತವೆ. ಕೊನೆಗೆ 2022ರಲ್ಲಿ, ಪರಿಣಾಮ ಸಾಲದೆಂಬ ಕಾರಣಕ್ಕೆ ಲಸಿಕೆಯೇ ನಿಂತಿತು. ನಿಲ್ಲಿಸಿದ್ದು ಸರಿಯಾದ ತೀರ್ಮಾನ. ಆದರೆ ಮೂರು ದಶಕ ‘ಹಾಕಿಸಿಕೊಳ್ಳಿ’ ಎಂದು ಮನೆಬಾಗಿಲಿಗೆ ಬಂದ ಇಲಾಖೆ, ‘ಇನ್ನು ಮುಂದೆ ಇಲ್ಲ, ಕಾರಣ ಇದು’ ಎಂದು ಹೇಳಲು ಅದೇ ಮನೆಬಾಗಿಲಿಗೆ ಹೋಗಬೇಕಿತ್ತು. ಪತ್ರಿಕೆ ಓದಿ ತಿಳಿದುಕೊಂಡವರು, ‘ಹಾಗಾದರೆ ಇಷ್ಟು ವರ್ಷ ನಮಗೆ ಚುಚ್ಚಿದ್ದು ಏನು?’ ಎಂದು ಕೇಳಿದರೆ ಅದನ್ನು ವದಂತಿ ಎನ್ನಲಾಗದು. ನ್ಯಾಯವಾದ ಪ್ರಶ್ನೆ ಅದು, ಇಂದಿಗೂ ಉತ್ತರಕ್ಕೆ ಕಾದಿದೆ.

ಈಗ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆ ತಯಾರಿಸುತ್ತಿವೆ. ಅದು ಹಳ್ಳಿಗೆ ಬರುವ ಮುಂಚೆ ಹಳೆಯದರ ಲೆಕ್ಕ ಕನ್ನಡದಲ್ಲಿ ಒಪ್ಪಿಸಿ ಮುಗಿಸಿ. ಯಾವ ವರ್ಷ ಎಷ್ಟು ಡೋಸ್ ಹೋಯಿತು, ಬ್ಯಾಚಿನ ಸಾಮರ್ಥ್ಯ ಪರೀಕ್ಷೆಯಲ್ಲಿ ಏನು ಬಂತು, ಎರಡನೇ ಡೋಸ್‌ಗೆ ಎಷ್ಟು ಮಂದಿ ಬಂದರು. ಇಷ್ಟು ಮುಂದಿಡದೆ ಹೊಸ ಸೂಜಿ ಹಿಡಿದು ಹೋದರೆ ಬಾಗಿಲು ತೆರೆಯುವವರು ಕಡಿಮೆ.

ಎರಡನೆಯದು ರಕ್ತಪರೀಕ್ಷೆ. ದಿನನಿತ್ಯ ನಂಬಿಕೆ ಮುರಿಯುವ ಜಾಗ ಇದು.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಒಮ್ಮೆಲೇ ಏರುತ್ತದೆ. ಹಣೆ ಸೀಳುವ ತಲೆನೋವು, ಸೊಂಟ ಮತ್ತು ಕಾಲಿನ ಮೀನಖಂಡ ಹಿಂಡುವ ನೋವು. ಮೊದಲ ಕೆಲವು ದಿನ ರಕ್ತದಲ್ಲಿ ವೈರಾಣು ಇರುವ ಕಾಲ, ಆಗ ವೈರಾಣುವನ್ನೇ ಹುಡುಕುವ ಆರ್‌ಟಿ-ಪಿಸಿಆರ್‌ ಹಿಡಿಯುತ್ತದೆ. ಆಮೇಲೆ ವೈರಾಣು ಇಳಿದು, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಏಳುತ್ತದೆ, ಆಗ ಪ್ರತಿಕಾಯ ಹುಡುಕುವ ಐಜಿಎಂ ಎಲಿಸಾ ಬೇಕು. ನಡುವೆ ಕೆಲವೊಮ್ಮೆ ಎರಡೂ ಕೈಕೊಡಬಹುದು. ಹಾಗಾಗಿ ‘ನೆಗೆಟಿವ್’ ಎಂಬ ಪದಕ್ಕೆ, ಜ್ವರದ ಎಷ್ಟನೇ ದಿನ ರಕ್ತ ತೆಗೆದದ್ದು, ಯಾವ ಪರೀಕ್ಷೆ ಮಾಡಿದ್ದು ಎಂದು ತಿಳಿಯದೆ ಅರ್ಥವೇ ಇಲ್ಲ.

ಎಲ್ಲಿ ಕೆಡುತ್ತದೆ? ಮೊದಲನೆಯದಾಗಿ ಫಾರಂನಲ್ಲಿ. ‘ಜ್ವರ ಶುರುವಾದ ದಿನ’ ಎಂಬ ಕಾಲಂ ಖಾಲಿ ಉಳಿಯುತ್ತದೆ, ಇಲ್ಲವೇ ಆಸ್ಪತ್ರೆಗೆ ಬಂದ ದಿನವನ್ನೇ ಅಲ್ಲಿ ಬರೆದಿರುತ್ತಾರೆ. ಮೂರು ದಿನ ಮನೆಯಲ್ಲಿ ಮಾತ್ರೆ ನುಂಗಿ, ಒಂದು ದಿನ ಪಕ್ಕದ ಊರಿನ ಡಾಕ್ಟರ ಹತ್ತಿರ ಇಂಜೆಕ್ಷನ್ ತೆಗೆದುಕೊಂಡು ಐದನೇ ದಿನ ಬಂದವರು ಕಾಗದದಲ್ಲಿ ಒಂದನೇ ದಿನದ ರೋಗಿಯಾಗುತ್ತಾರೆ. ಪ್ರಯೋಗಾಲಯ ಅದನ್ನು ನಂಬಿ ಪಿಸಿಆರ್‌ ಮಾತ್ರ ಮಾಡಿದರೆ ಕೈತಪ್ಪಬಹುದು. ಎರಡನೆಯದು ಸಾಗಾಟ. ರಕ್ತ ಹೆಪ್ಪುಗಟ್ಟಿದ ಮೇಲೆ ಸೀರಂ ಬೇರ್ಪಡಿಸಿ, ಮೂರು ಪದರದ ಡಬ್ಬಿಯಲ್ಲಿ ಐಸ್ ಪ್ಯಾಕಿನೊಂದಿಗೆ, 2ರಿಂದ 8 ಡಿಗ್ರಿಯಲ್ಲಿ ಹೋಗಬೇಕು. ಶನಿವಾರ ಸಂಜೆ ತೆಗೆದ ಮಾದರಿ ಕರೆಂಟಿಲ್ಲದ ಫ್ರಿಜ್ಜಿನಲ್ಲಿ ಕೂತು ಸೋಮವಾರ ಹೊರಟರೆ, ವೈರಾಣುವಿನ ಆರ್‌ಎನ್‌ಎ ದಾರಿಯಲ್ಲೇ ಮುರಿದಿರುತ್ತದೆ. ಮೂರನೆಯದು ಫಲಿತಾಂಶ ಹೇಳುವ ರೀತಿ. ‘ನೆಗೆಟಿವ್ ಬಂದಿದೆ, ನಿಮಗೇನೂ ಇಲ್ಲ, ಮನೆಗೆ ಹೋಗಿ’ ಎಂದು ಫೋನಿನಲ್ಲಿ ಹೇಳಿ ಮುಗಿಸುತ್ತಾರೆ. ನಾಲ್ಕು ದಿನದ ಮೇಲೆ ಅದೇ ರೋಗಿಗೆ ಬೇರೆ ಆಸ್ಪತ್ರೆಯಲ್ಲಿ ಪಾಸಿಟಿವ್ ಬಂದರೆ ಮನೆಯವರ ಪಾಲಿಗೆ ಮೊದಲಿನದು ಸುಳ್ಳು ರಿಪೋರ್ಟು. ವಿಜ್ಞಾನದ ಪ್ರಕಾರ ಎರಡೂ ಸರಿ ಇರಬಹುದು. ಆದರೆ ವಿಜ್ಞಾನವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ರಿಪೋರ್ಟಿನ ಕೆಳಗೆ ನಾಲ್ಕು ಸಾಲು ಅಚ್ಚು ಹಾಕಿಸಿ. ಮಾತು ಹೀಗಿರಲಿ: “ಜ್ವರ ಬಂದ ___ನೇ ದಿನ ತೆಗೆದ ರಕ್ತದಲ್ಲಿ ___ ಪರೀಕ್ಷೆಯಿಂದ ಮಂಗನ ಕಾಯಿಲೆಯ ಗುರುತು ಕಂಡಿಲ್ಲ. ಇದರಿಂದ ಕಾಯಿಲೆ ಇಲ್ಲವೆಂದು ಪೂರ್ತಿ ಹೇಳಲಾಗದು. ಜ್ವರ ಬಿಡದಿದ್ದರೆ ___ನೇ ತಾರೀಖು ಮತ್ತೊಮ್ಮೆ ರಕ್ತ ಕೊಡಿ. ಒಸಡು ಅಥವಾ ಮೂಗಿನಲ್ಲಿ ರಕ್ತ, ನಿಲ್ಲದ ವಾಂತಿ, ಮಂಪರು ಕಂಡರೆ ಆ ತಾರೀಖಿಗೆ ಕಾಯದೆ ಬನ್ನಿ.” ಪಾಸಿಟಿವ್ ಬಂದು ಗುಣವಾಗಿ ಮನೆಗೆ ಹೋಗುವವರ ಚೀಟಿಯಲ್ಲಿ ಇನ್ನೊಂದು ಸಾಲು ಬೇಕು. ನೂರರಲ್ಲಿ 10ರಿಂದ 20 ಮಂದಿಗೆ ಜ್ವರ ಬಿಟ್ಟು, ಮೂರನೇ ವಾರದ ಹೊತ್ತಿಗೆ ಮತ್ತೆ ಬರುತ್ತದೆ. ಆಗ ತಲೆನೋವು, ಕೈಕಾಲು ನಡುಕ, ದೃಷ್ಟಿ ಮಂಜಾಗುವುದು ಕಾಣಬಹುದು. ಇದನ್ನು ಮೊದಲೇ ಹೇಳಿ ಕಳಿಸಿದರೆ ‘ಅರ್ಧಂಬರ್ಧ ಗುಣ ಮಾಡಿ ಓಡಿಸಿದರು’ ಎಂಬ ಮಾತು ಹುಟ್ಟುವುದಿಲ್ಲ, ರೋಗಿಯೂ ತಡಮಾಡದೆ ಬರುತ್ತಾರೆ.

ಇದೇ ಚೀಟಿಯಲ್ಲಿ ನೋವಿನ ಮಾತ್ರೆಯ ವಿಷಯವೂ ಇರಲಿ. ಪ್ಯಾರಸಿಟಮಾಲ್ ಸಾಕು, ಆಸ್ಪಿರಿನ್, ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚಿಸುತ್ತವೆ. ಸೊಂಟಕ್ಕೆ ಇಂಜೆಕ್ಷನ್ ಕೊಡಿ ಎಂದು ದುಂಬಾಲು ಬೀಳಬೇಡಿ ಎಂದೂ ಬರೆಯಿರಿ. ಮೈಕಿನಲ್ಲಿ ಹೇಳುವ ‘ಆತಂಕ ಬೇಡ’ಕ್ಕಿಂತ ಈ ಎರಡು ಸಾಲಿಗೆ ಬೆಲೆ ಹೆಚ್ಚು.

ಇನ್ನು ಸಾವಿನ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇವೆ.

2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಉಲ್ಬಣಿಸಿದಾಗ ಸರ್ಕಾರ ಹೇಳಿದ ಸಾವಿನ ಸಂಖ್ಯೆಗೂ ಊರಿನವರು ಬೆರಳು ಮಡಚಿ ಎಣಿಸಿದ ಸಂಖ್ಯೆಗೂ ಹೊಂದಲಿಲ್ಲ. ಆ ವ್ಯತ್ಯಾಸ ಇಂದಿಗೂ ಅಲ್ಲಿನ ಮಾತಿನಲ್ಲಿದೆ. ಊರು ಚಿಕ್ಕದು, ಸತ್ತವರ ಮನೆ ಎಲ್ಲರಿಗೂ ಗೊತ್ತು. ಸರ್ಕಾರದ ಕಾಗದದಲ್ಲಿ ಒಬ್ಬರು ಕಡಿಮೆಯಾದರೆ ಅದು ಅಂಕಿಯ ತಪ್ಪಾಗಿ ಕಾಣುವುದಿಲ್ಲ, ಆ ಮನೆಯನ್ನೇ ಅಳಿಸಿದಂತೆ ಕಾಣುತ್ತದೆ.

ವ್ಯತ್ಯಾಸ ಬರುವ ಬಗೆ ಬಲ್ಲವರಿಗೆ ಗೊತ್ತು. ಸರ್ಕಾರದ ಲೆಕ್ಕ ಪ್ರಯೋಗಾಲಯದಲ್ಲಿ ಖಚಿತವಾದ ಸಾವನ್ನು ಮಾತ್ರ ಹಿಡಿಯುತ್ತದೆ. ರಕ್ತ ತೆಗೆಯುವ ಮುಂಚೆಯೇ ತೀರಿಕೊಂಡವರು ಅದರಲ್ಲಿಲ್ಲ. ತಪ್ಪು ದಿನ ತೆಗೆದ ಮಾದರಿ ನೆಗೆಟಿವ್ ಬಂದವರು ಇಲ್ಲ. ಮಣಿಪಾಲಕ್ಕೋ ಮಂಗಳೂರಿಗೋ ಸಾಗಿಸಿದ ಮೇಲೆ ಸತ್ತವರು ಸತ್ತ ಜಿಲ್ಲೆಯ ಪಟ್ಟಿಗೆ ಸೇರಬೇಕೇ, ಹುಟ್ಟೂರಿನ ಪಟ್ಟಿಗೇ ಎಂದು ಕಾಗದ ಓಡಾಡುವುದರಲ್ಲಿ ವಾರ ಕಳೆಯುತ್ತದೆ. ಸಕ್ಕರೆ ಕಾಯಿಲೆಯೋ ಮೂತ್ರಪಿಂಡದ ತೊಂದರೆಯೋ ಇದ್ದವರ ಮರಣಪತ್ರದಲ್ಲಿ ಅದೇ ಕಾರಣ ಮೇಲೆ ಕೂರುತ್ತದೆ, ಮಂಗನ ಕಾಯಿಲೆ ಕೆಳಗಿನ ಸಾಲಿಗಿಳಿಯುತ್ತದೆ, ಕೆಲವೊಮ್ಮೆ ಪುಟದಿಂದಲೇ ಇಳಿಯುತ್ತದೆ. ಇವುಗಳಲ್ಲಿ ಯಾವುದರಲ್ಲೂ ಯಾರೋ ಕೂತು ಮುಚ್ಚಿಡಬೇಕಾದ ಅಗತ್ಯವಿಲ್ಲ, ತಾನಾಗಿಯೇ ಸಂಖ್ಯೆ ಕುಗ್ಗುತ್ತದೆ. ಆದರೆ ಕುಗ್ಗಿದ ಸಂಖ್ಯೆಯನ್ನು ‘ಇಷ್ಟೇ’ ಎಂದು ಘೋಷಿಸಿದ ಗಳಿಗೆಯಿಂದ ಅದು ಮುಚ್ಚಿಟ್ಟಂತೆಯೇ ಆಗುತ್ತದೆ.

ಒಂದು ಸಂಖ್ಯೆಯ ಬದಲು ನಾಲ್ಕು ಸಂಖ್ಯೆ ಪ್ರಕಟಿಸಿ: ಪರೀಕ್ಷೆಯಲ್ಲಿ ಖಚಿತವಾದ ಸಾವು, ಲಕ್ಷಣ ಮತ್ತು ಊರು ನೋಡಿದರೆ ಹೌದೆನಿಸುವ, ಆದರೆ ಪರೀಕ್ಷೆಯಾಗದ ಸಾವು, ಇನ್ನೂ ಪರಿಶೀಲನೆಯಲ್ಲಿರುವ ಸಾವು, ಪರಿಶೀಲಿಸಿ ಬೇರೆ ಕಾರಣವೆಂದು ತೀರ್ಮಾನಿಸಿದ ಸಾವು. ನಾಲ್ಕನೆಯದಕ್ಕೆ ಕಾರಣ ಏನೆಂದು ಮನೆಯವರಿಗೆ ಬರವಣಿಗೆಯಲ್ಲಿ ಕೊಡಿ, ಅವರು ಒಪ್ಪದಿದ್ದರೆ ಯಾರ ಬಳಿ ಹೋಗಬೇಕೆಂದೂ ತಿಳಿಸಿ. ಎಣಿಕೆ ರೋಗಿ ವಾಸವಿದ್ದ ಪಂಚಾಯಿತಿಗೇ ಸೇರಲಿ, ಎಲ್ಲಿ ಸತ್ತರೂ ಸರಿ. ಪರಿಶೀಲನೆಯಲ್ಲಿರುವ ಸಾವು ಆ ಕಾಲಂನಲ್ಲಿ ಎಷ್ಟು ದಿನದಿಂದ ಕೂತಿದೆ ಎಂಬುದೂ ಕಾಣಲಿ. ಪರಿಹಾರದ ಹಣ ಖಚಿತ ಸಾವಿಗೆ ಮಾತ್ರವಾದರೆ ಹೆಸರು ಬಿಟ್ಟವರ ಸಿಟ್ಟು ಇಮ್ಮಡಿಯಾಗುವುದು ಸಹಜ, ಆ ನಿಯಮವನ್ನೂ ಬಚ್ಚಿಡದೆ ಹೇಳಿ. 1980ರ ದಶಕದ ಶುರುವಿನಲ್ಲಿ ಬೆಳ್ತಂಗಡಿ ಭಾಗದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದ ಕಾಯಿಲೆ ಇದು. ಸಾಮಾನ್ಯವಾಗಿ ನೂರಕ್ಕೆ 3ರಿಂದ 5 ಸಾವು ಎನ್ನುವ ಅಂದಾಜೂ, ನಾವು ಎಷ್ಟು ಸೌಮ್ಯ ಪ್ರಕರಣಗಳನ್ನು ಹಿಡಿದೆವು ಎಂಬುದರ ಮೇಲೆ ಏರಿಳಿಯುತ್ತದೆ.

ಮಂಗಗಳ ಸಾವಿನ ಲೆಕ್ಕದಲ್ಲೂ ಇದೇ ದೋಷ. ಕೋತಿ, ಮುಸುವ ಸತ್ತು ಬಿದ್ದದ್ದನ್ನು ಮೊದಲು ಕಾಣುವವರು ದನ ಕಾಯುವವರು, ಸೌದೆಗೆ ಹೋದವರು. ಅವರು ಫೋನ್ ಮಾಡಿ, ಆರೋಗ್ಯ, ಅರಣ್ಯ, ಪಶು ಇಲಾಖೆಗಳು ‘ಅದು ನಮ್ಮದಲ್ಲ’ ಎನ್ನುವುದನ್ನು ಮುಗಿಸಿ ಸ್ಥಳಕ್ಕೆ ಬರುವ ಹೊತ್ತಿಗೆ ದೇಹ ಕೊಳೆತಿರುತ್ತದೆ. ಕೊಳೆತ ಅಂಗಾಂಶದಿಂದ ಫಲಿತಾಂಶ ಬರುವುದಿಲ್ಲ. ಅದನ್ನು ‘ಪರೀಕ್ಷೆಗೆ ಯೋಗ್ಯವಾಗಿರಲಿಲ್ಲ’ ಎಂಬ ಬೇರೆ ಕಾಲಂನಲ್ಲಿ ಬರೆಯಬೇಕು. ನೆಗೆಟಿವ್ ಕಾಲಂಗೆ ಸೇರಿಸಿದರೆ ‘20 ಮಂಗ ಸತ್ತರೂ ಒಂದರಲ್ಲೂ ವೈರಸ್ ಇಲ್ಲ’ ಎಂಬ ಸುಳ್ಳು ಸಮಾಧಾನ ಸಿಗುತ್ತದೆ, ಅದಾಗಿ ಎರಡು ವಾರಕ್ಕೆ ಮನುಷ್ಯರಿಗೆ ಜ್ವರ ಬಂದಾಗ ಆ ಸಮಾಧಾನ ಕೊಟ್ಟವರ ಮುಖ ನೋಡುವವರಿಲ್ಲ. ಕರೆಂಟು ಹೊಡೆದು ಸತ್ತ ಮಂಗವೂ ಇರುತ್ತದೆ, ನಾಯಿ ಕಚ್ಚಿ ಸತ್ತದ್ದೂ ಇರುತ್ತದೆ. ಅದನ್ನೂ ಹಾಗೆಯೇ ಬರೆದು ತೋರಿಸಿ. ಮಂಗ ಸಾಯಲಿಲ್ಲ ಎಂದ ಮಾತ್ರಕ್ಕೆ ಕಾಡಿನಲ್ಲಿ ವೈರಾಣು ಇಲ್ಲವೆಂದೂ ಅಲ್ಲ.

ಒಂದು ಸೂಕ್ಷ್ಮ ಇದೆ. ಸತ್ತ ಮಂಗ ನಮ್ಮ ಹಳ್ಳಿಗಳಲ್ಲಿ ಆಂಜನೇಯ. ಹೂ ಹಾಕಿ, ಹೊತ್ತು ತಂದು ಮಣ್ಣು ಮಾಡುವ ವಾಡಿಕೆ ಇದೆ. ದೇಹ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿನ ಉಣುಗುಗಳು ಇಳಿದು ಹೊಸ ಮೈ ಹುಡುಕುತ್ತವೆ, ಹೊತ್ತವರಿಗೆ ಅವು ಹತ್ತುತ್ತವೆ. ‘ಮೂಢನಂಬಿಕೆ ಬಿಡಿ’ ಎಂದು ಗದರಿದರೆ ಮುಂದಿನ ಸಲ ಫೋನೇ ಬರುವುದಿಲ್ಲ, ಗುಟ್ಟಾಗಿ ಹೂಳುತ್ತಾರೆ. ದೂರದಿಂದ ಕೈಮುಗಿಯಿರಿ, ಮುಟ್ಟಬೇಡಿ, ಸಂಸ್ಕಾರವನ್ನು ರಕ್ಷಣಾ ಉಡುಪು ತೊಟ್ಟ ತಂಡ ಮಾಡುತ್ತದೆ ಎಂದರೆ ಒಪ್ಪುತ್ತಾರೆ.

ಪಾಲಿಸಲಾಗದ ಸಲಹೆಯ ವಿಷಯಕ್ಕೆ ಬರುತ್ತೇವೆ. ‘ಕಾಡಿಗೆ ಹೋಗಬೇಡಿ’ ಎಂಬ ವಾಕ್ಯ ಬರೆದವರು ಮಲೆನಾಡಿನ ಮನೆ ನೋಡಿರಲಾರರು. ಕಾಡು ಅಂಗಳದ ಬೇಲಿಯಾಚೆಗೇ ಇದೆ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಒಲೆಗೆ ಸೌದೆ ಎಲ್ಲ ಅಲ್ಲಿಂದಲೇ. ಆರು ತಿಂಗಳು ಹೋಗಬೇಡಿ ಎಂದರೆ ಯಾರೂ ಕೇಳುವುದಿಲ್ಲ, ಕೇಳದ ಒಂದು ಮಾತಿನ ಜೊತೆ ಉಳಿದವನ್ನೂ ಕೇಳುವುದಿಲ್ಲ. ‘ಕೆರೆ ಮೇಲಿನ ಬ್ಯಾಣದಲ್ಲಿ ಮೊನ್ನೆ ಸತ್ತ ಮುಸುವದಲ್ಲಿ ವೈರಾಣು ಸಿಕ್ಕಿದೆ, ಈ ತಿಂಗಳು ಆ ಕಡೆ ದನ ಬಿಡಬೇಡಿ, ದರಗು ಬೇರೆ ಕಡೆಯಿಂದ ತನ್ನಿ’ ಎಂದರೆ ಕೇಳುತ್ತಾರೆ. ಅದಕ್ಕೆ ಪಂಚಾಯಿತಿ ಹೆಸರು ಸಾಲದು, ಜಾಗದ ಹೆಸರೇ ಬೇಕು.

ಡೆಪಾ ಎಣ್ಣೆಯ ಬಾಟಲಿ ಹಂಚುತ್ತೀರಿ, ಒಳ್ಳೆಯದು. ಬಳಸುವ ರೀತಿ ಮಾತ್ರ ಹೇಳದೆ ಹಂಚಿದರೆ ಅದು ಕಪಾಟಿನಲ್ಲಿ ಕೂರುತ್ತದೆ. ಇದು ಉಣುಗನ್ನು ಕೊಲ್ಲುವ ಔಷಧವಲ್ಲ, ಹತ್ತಿರ ಬರದಂತೆ ಮಾಡುವುದು. ಹೊರಡುವ ಮುಂಚೆ ಹಿಮ್ಮಡಿಯಿಂದ ಮೊಣಕಾಲಿನ ಮೇಲಿನವರೆಗೆ, ಅಂಗೈಯಿಂದ ಮೊಣಕೈಯವರೆಗೆ, ಕುತ್ತಿಗೆಯ ಸುತ್ತ ಒಂದೂ ಕಡೆ ಬಿಡದಂತೆ ಹಚ್ಚಬೇಕು. ಕಣ್ಣು, ಬಾಯಿ, ಗಾಯಕ್ಕೆ ತಾಗಬಾರದು. ಬೆವರು ಸುರಿಸುವ ಕೆಲಸದಲ್ಲಿ ತೊಳೆದುಹೋಗುತ್ತದೆ, ಮಧ್ಯಾಹ್ನ ಮತ್ತೆ ಹಚ್ಚದಿದ್ದರೆ ಸಂಜೆಗೆ ಅದರ ಕಾವಲಿಲ್ಲ. ‘ಎಣ್ಣೆ ಹಚ್ಚಿದರೂ ಕಚ್ಚಿತು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದು. ಮನೆಗೆ ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೊಣಕಾಲ ಹಿಂದೆ, ಕಂಕುಳು, ಸೊಂಟದ ಪಟ್ಟಿ ಕೂರುವ ಜಾಗ ತಡವಿ ನೋಡಬೇಕು. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಬೇಕು. ಉಗುರಿನಲ್ಲಿ ಜಜ್ಜಬಾರದು, ಸೀಮೆಎಣ್ಣೆ, ಬೀಡಿಯ ಬೆಂಕಿ ಬೇಡ.

ದನದ ವಿಷಯದಲ್ಲಿ ಕಾಲ ತಪ್ಪುತ್ತಿದೆ. ಬೆಳೆದ ಉಣುಗು ದನದ ಮೈಮೇಲೆ ಹೆಚ್ಚಾಗಿ ಕಾಣುವುದು ಮಳೆಗಾಲದಲ್ಲಿ. ರಕ್ತ ಕುಡಿದು ಕೆಳಗೆ ಬಿದ್ದು ಮೊಟ್ಟೆಯಿಡುವುದು ಅದೇ. ಮುಂದಿನ ಬೇಸಿಗೆಯ ಉಣುಗು ಕಡಿಮೆಯಾಗಬೇಕಾದರೆ ದನಕ್ಕೆ ಔಷಧ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಆಗಬೇಕು. ಜನವರಿಯಲ್ಲಿ ಸುದ್ದಿ ಜೋರಾದ ಮೇಲೆ ಹಚ್ಚಿ ಫೋಟೊ ತೆಗೆಸಿದರೆ ಆ ವರ್ಷದ ಮಟ್ಟಿಗೆ ತಡವಾಗಿರುತ್ತದೆ, ಜನ ಅದನ್ನೂ ಗಮನಿಸುತ್ತಾರೆ.

‘ಎಲ್ಲ ಹೇಳಿದರೆ ಜನ ಗಾಬರಿಯಾಗುತ್ತಾರೆ, ಜೋಗಕ್ಕೆ ಪ್ರವಾಸಿಗರು ಬರುವುದಿಲ್ಲ, ಅಡಿಕೆ ಕೊನೆ ಕೊಯ್ಯಲು ಆಳು ಸಿಗುವುದಿಲ್ಲ’ ಎಂಬ ಮಾತಿದೆ. ಹೊರಗಿನಿಂದ ಕೂಲಿಗೆ ಬರುವವರಿಗೇ ಈ ಮಾಹಿತಿ ಹೆಚ್ಚು ಬೇಕು, ಅವರಿಗೆ ಉಣುಗಿನ ಪರಿಚಯವೂ ಇಲ್ಲ. ಗಾಬರಿ ಹುಟ್ಟುವುದು ಅರೆಬರೆ ಸುದ್ದಿಯಿಂದ. ‘ಮಂಕಿಪಾಕ್ಸ್’ ಸುದ್ದಿ ಬಂದಾಗ ಅದನ್ನೂ ಮಂಗನ ಕಾಯಿಲೆ ಎಂದೇ ಕರೆದವರಿದ್ದರು. ಮಂಕಿಪಾಕ್ಸ್ ಮನುಷ್ಯರಿಂದ ಮನುಷ್ಯರಿಗೆ ಅಂಟುವುದು, ಮಂಗನ ಕಾಯಿಲೆ ಹಾಗೆ ಅಂಟದು. ಇದನ್ನು ಅದೇ ದಿನ ಬಿಡಿಸಿ ಹೇಳದಿದ್ದರೆ ಮಂಗನ ಕಾಯಿಲೆ ಬಂದವರ ಮನೆಗೆ ನೆಂಟರೂ ಕಾಲಿಡುವುದಿಲ್ಲ, ಆ ಭಯಕ್ಕೆ ಮನೆಯವರು ಜ್ವರ ಮುಚ್ಚಿಡುತ್ತಾರೆ. ಬೇಗ ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ ಎಂಬ ಅರ್ಥದ ಮಾರ್ಗಸೂಚಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಹೊರಡಿಸಿದೆ.

ಇಲಾಖೆಗೆ ಇದು ಬರದ ವಿದ್ಯೆಯೂ ಅಲ್ಲ. 2020ರಲ್ಲಿ ಕೋವಿಡ್ ಅಂಕಿಅಂಶ ಪ್ರಕಟಣೆಯ ಗುಣಮಟ್ಟವನ್ನು ಸ್ಟ್ಯಾನ್‌ಫರ್ಡ್ ಸಂಶೋಧಕರು ರಾಜ್ಯವಾರು ಹೋಲಿಸಿದಾಗ ಕರ್ನಾಟಕ 0.61 ಅಂಕ ಪಡೆದು ದೇಶಕ್ಕೇ ಮೊದಲಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಮನೆಯಲ್ಲೇ ಕ್ವಾರಂಟೈನ್ ಆದವರ ವಿಳಾಸಪಟ್ಟಿಯನ್ನು ಜಾಲತಾಣಕ್ಕೆ ಹಾಕಿದ್ದೂ ಇದೇ ರಾಜ್ಯ. ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಬಿಟ್ಟರೆ ಸಾಕು. ರೋಗಿಯ ಹೆಸರು, ಮನೆ ಯಾರಿಗೂ ಬೇಡ. ಪಂಚಾಯಿತಿ, ವಯಸ್ಸಿನ ಗುಂಪು, ಜ್ವರ ಶುರುವಾದ ವಾರ ಬೇಕು.

ನಾವು ಕೇಳುವುದು ವಾರಕ್ಕೊಂದು ಹಾಳೆ, ಒಂದೇ ಪುಟ, ಕನ್ನಡದಲ್ಲಿ. ಈ ವಾರ ಎಷ್ಟು ಜನರ ರಕ್ತ ಪರೀಕ್ಷೆಯಾಯಿತು, ಅದರಲ್ಲಿ ಎಷ್ಟು ಪಾಸಿಟಿವ್, ಎಷ್ಟರ ಫಲಿತಾಂಶ ಇನ್ನೂ ಬಂದಿಲ್ಲ, ರಕ್ತ ತೆಗೆದು ಫಲಿತಾಂಶ ಬರಲು ಸರಾಸರಿ ಎಷ್ಟು ದಿನ ಹಿಡಿಯಿತು. ಮೇಲೆ ಹೇಳಿದ ನಾಲ್ಕು ಬಗೆಯ ಸಾವು. ಸತ್ತ ಮಂಗ ಎಷ್ಟು, ಪರೀಕ್ಷೆಗೆ ಯೋಗ್ಯವಾದದ್ದೆಷ್ಟು. ಬಿಳಿ ಬಟ್ಟೆಯನ್ನು ನೆಲದ ಮೇಲೆ ಎಳೆದು ಹಿಡಿದ ಉಣುಗಿನಲ್ಲಿ ಯಾವ ಜಾಗದ್ದರಲ್ಲಿ ವೈರಾಣು ಸಿಕ್ಕಿತು. ಉಣುಗುಗಳನ್ನು ಹಲವನ್ನು ಒಟ್ಟು ಸೇರಿಸಿ ಪರೀಕ್ಷಿಸುತ್ತಾರೆ, ಆದ್ದರಿಂದ ಒಂದು ಗುಂಪು ಪಾಸಿಟಿವ್ ಎಂದರೆ ಅದರಲ್ಲಿನ ಎಲ್ಲ ಉಣುಗಿನಲ್ಲೂ ವೈರಾಣು ಇದೆ ಎಂದಲ್ಲ ಎಂಬುದನ್ನೂ ಅಲ್ಲೇ ಸಣ್ಣದಾಗಿ ಬರೆದಿಡಿ. ಮನುಷ್ಯರಿಗೆ ಜ್ವರ ಬರುವ ಮುಂಚೆಯೇ ಕೈಗೆ ಸಿಗಬಹುದಾದ ಎಚ್ಚರಿಕೆ ಈ ಉಣುಗಿನ ಫಲಿತಾಂಶ. ಕಡತದಲ್ಲಿ ಉಳಿದರೆ ಯಾರಿಗೂ ಉಪಯೋಗವಿಲ್ಲ.

ಹಿಂದಿನ ವಾರದ ಅಂಕಿ ತಪ್ಪಾಗಿದ್ದರೆ ಹಾಳೆಯ ನೆತ್ತಿಯ ಮೇಲೆ ಹೇಳಿ. ಹಳೆಯ ಸಂಖ್ಯೆಗೆ ಗೀಟು ಹಾಕಿ ಹೊಸದನ್ನು ಪಕ್ಕದಲ್ಲಿ ಬರೆಯಿರಿ, ಸದ್ದಿಲ್ಲದೆ ಅಳಿಸಬೇಡಿ. ಹಾಳೆ ಆಶಾ ಕಾರ್ಯಕರ್ತೆಯರ ಕೈಗೆ ಒಂದು ದಿನ ಮೊದಲು ಸೇರಲಿ. ಊರಿನಲ್ಲಿ ಮೊದಲ ಪ್ರಶ್ನೆ ಬೀಳುವುದು ಅವರ ಮೇಲೆ. ‘ನಿಮಗೇ ಗೊತ್ತಿಲ್ವಾ ಅಕ್ಕಾ, ಟೀವೀಲಿ ಬಂತಲ್ಲ’ ಎಂದು ಒಮ್ಮೆ ಅನ್ನಿಸಿಕೊಂಡವರ ಮಾತಿಗೆ ಮುಂದಿನ ಸಲ ತೂಕ ಇರುವುದಿಲ್ಲ. ಜಾಲತಾಣಕ್ಕೂ ಹಾಕಿ, ಜೊತೆಗೆ ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಪಂಚಾಯಿತಿ ಕಟ್ಟೆಯ ಗೋಡೆಗೂ ಅಂಟಿಸಿ. ಕೆಳಗೆ ಸಹಿ ಮಾಡಿದ ವೈದ್ಯಾಧಿಕಾರಿಯ ಹೆಸರೂ, ಪ್ರಶ್ನೆ ಕೇಳಬಹುದಾದ ಹೊತ್ತೂ ಇರಲಿ.

ಮೊದಲ ಹಾಳೆ ನವೆಂಬರ್ ತಿಂಗಳ ಮೊದಲ ಸೋಮವಾರ ಬರಲಿ. ಅಂದು ಹೇಳಲು ಏನೂ ಇಲ್ಲದಿದ್ದರೆ ಸೊನ್ನೆಗಳನ್ನೇ ಬರೆದು ಅಂಟಿಸಿ, ಎಷ್ಟು ಉಣುಗು, ಎಷ್ಟು ರಕ್ತ ಪರೀಕ್ಷಿಸಿದ ಮೇಲೆ ಆ ಸೊನ್ನೆ ಬಂತು ಎಂಬುದರ ಜೊತೆಗೆ.

ಇಂತಿ,
ಮಂಗನ ಕಾಯಿಲೆ ಸೀಮೆಯ ಕೆಲವು ವೈದ್ಯರು, ಪ್ರಯೋಗಾಲಯ ಮತ್ತು ಕ್ಷೇತ್ರ ಸಿಬ್ಬಂದಿ